ಒಬಾಮಾಗೆ ಎರಡು ಸಲ ಓಟು ಹಾಕಿದ ನಮ್ಮ ಪಕ್ಕದ ಮನೆಯವರು ಈಗ ಟ್ರಂಪ್ ಬೋರ್ಡು ನೆಟ್ಟಿದ್ದಾರೆ

ಹಾಸನದ ಹುಡುಗಿ (ಮಿಚಿಗನ್), ಅಕ್ಟೋಬರ್ 11, 2016

ಎಲ್ಲರಿಗೂ ವಿಜಯದಶಮಿಯ ಶುಭಾಶಯ. ಮಿಚಿಗನ್ನಿನವರು ಯಾರಾದ್ರೂ ಇದ್ರೆ ಮೊದಲು ಒಂದು ಮಾತು: ಮತದಾರರ ಪಟ್ಟಿಗೆ ಹೆಸರು ಸೇರಿಸೋಕೆ ಇವತ್ತೇ ಕೊನೆ ದಿನ. ಬನ್ನಿ ಮುಡಿದು ಹಾಗೇ ಕ್ಲರ್ಕ್ ಆಫೀಸಿಗೆ ಹೋಗಿ ಬನ್ನಿ.

ನಾವಿರೋದು ಡೆಟ್ರಾಯ್ಟಿನ ಉತ್ತರಕ್ಕೆ, ಮಕೋಂಬ್ ಕೌಂಟಿಯಲ್ಲಿ. ಹೋದ ವರ್ಷ ಪೌರತ್ವ ಸಿಕ್ತು. ನವೆಂಬರ್ 8ಕ್ಕೆ ನನ್ನ ಮೊದಲ ಓಟು. ಈ ದಿನಕ್ಕಾಗಿ ಎಷ್ಟು ವರ್ಷ ಕಾದಿದ್ದೆ ಅಂತ ನಿಮಗೆಲ್ಲ ಗೊತ್ತು. ಆದರೆ ಮನಸ್ಸಿಗೆ ನೆಮ್ಮದಿ ಇಲ್ಲ.

ನಮ್ಮ ಪಕ್ಕದ ಮನೆಯವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಕಾರ್ ಕಾರ್ಖಾನೆಯ ಸ್ಟ್ಯಾಂಪಿಂಗ್ ಪ್ಲಾಂಟಿನಲ್ಲಿ 31 ವರ್ಷ ದುಡಿದವರು. ನಾವು ಬಂದ ಮೊದಲ ಚಳಿಗಾಲದಲ್ಲಿ ಹಿಮ ತೆಗೆಯೋದು ಹೇಗೆ ಅಂತಲೂ ನಮಗೆ ಗೊತ್ತಿರಲಿಲ್ಲ. ಬೆಳಗ್ಗೆ ಬಾಗಿಲು ತೆಗೆದರೆ ನಮ್ಮ ಡ್ರೈವ್‌ವೇ ಪೂರ್ತಿ ಸ್ವಚ್ಛ ಆಗಿತ್ತು. ಅಮ್ಮ ಇಲ್ಲಿಗೆ ಬಂದಾಗ ಅವರ ತೋಟದ ಟೊಮೆಟೊದಲ್ಲಿ ಗೊಜ್ಜು ಮಾಡಿಕೊಟ್ಟಿದ್ರು. ಅವತ್ತಿಂದ ಪ್ರತಿ ಬೇಸಿಗೆಯಲ್ಲೂ ಒಂದು ಬುಟ್ಟಿ ಹಣ್ಣು ತಂದಿಟ್ಟು, ಖಾಲಿ ಬಾಟಲಿನೂ ಜೊತೆಗಿಟ್ಟು ಹೋಗ್ತಾರೆ.

2008ರಲ್ಲೂ 2012ರಲ್ಲೂ ಅವರ ಅಂಗಳದಲ್ಲಿ ಒಬಾಮಾ ಬೋರ್ಡಿತ್ತು. ಹೋದ ತಿಂಗಳಿಂದ ಟ್ರಂಪ್ ಬೋರ್ಡಿದೆ. ಹೋದ ಶುಕ್ರವಾರ ಆ 2005ರ ವಿಡಿಯೊ ಹೊರಗೆ ಬಂತಲ್ಲ, ಹೆಂಗಸರ ಬಗ್ಗೆ ಬಾಯಲ್ಲಿ ಹೇಳಲಾಗದ ಮಾತು ಆಡಿದ್ದು, ಅದನ್ನು ನೋಡಿದ ಮೇಲೆ ಬೋರ್ಡು ಕಿತ್ತು ಹಾಕ್ತಾರೆ ಅಂದುಕೊಂಡೆ. ನಿನ್ನೆ ಗಾಳಿಗೆ ಅದು ವಾಲಿತ್ತು. ಅವರು ಹೊರಗೆ ಬಂದು, ತಂತಿ ಕಾಲನ್ನು ಬೂಟಿನಿಂದ ಒತ್ತಿ, ನೇರ ಮಾಡಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ ಒಳಗೆ ಹೋದ್ರು. ನಾನು ಅಡುಗೆಮನೆ ಕಿಟಕಿಯಿಂದ ನೋಡ್ತಿದ್ದೆ. ಅಳು ಬಂತು.

ಅವರ ಹತ್ತಿರ ಮಾತಾಡ್ಲಾ, ಸುಮ್ಮನಿರ್ಲಾ?

ಧಾರವಾಡದಂವ (ಎಡಿಸನ್, ನ್ಯೂಜೆರ್ಸಿ), ಅಕ್ಟೋಬರ್ 11

ಅಕ್ಕಾರ, ನಾನೂ ಟ್ರಂಪ್‌ಗೇ ಓಟ್ ಹಾಕಾಂವ. ಮುಚ್ಚಿಡೂದಿಲ್ಲ. ಆ ವಿಡಿಯೊದಾಗ ಆಡಿದ ಮಾತು ಹೊಲಸು, ಅದನ್ನ ನಾ ಸಮರ್ಥನೆ ಮಾಡೂದಿಲ್ಲ. ನಮ್ಮ ಮನ್ಯಾಗ ಹೆಣ್ಣುಮಕ್ಕಳಿದ್ದಾರ.

ಆದ್ರ ನನ್ನ ಕಷ್ಟನೂ ಕೇಳ್ರಿ. ಸಣ್ಣ ಅಂಗಡಿ ಐತಿ ನಂದು, ಏಳು ಮಂದಿ ಕೆಲಸಕ್ಕಿದ್ದಾರ. ಹೆಲ್ತ್ ಇನ್ಶೂರೆನ್ಸ್ ಕಂತು ವರ್ಷಾ ವರ್ಷಾ ಏರಾಕತ್ತೈತಿ. ತೆರಿಗಿ ಬ್ಯಾರೆ. ವಲಸಿ ಬಗ್ಗೆ ಅವರು ಮಾತಾಡೂದು ಕಳ್ಳದಾರೀಲೆ ಬಂದವರ ಬಗ್ಗೆ. ನಾವು ಕಾಗದಪತ್ರ ಹಿಡ್ಕೊಂಡು, ಸಾಲಿನ್ಯಾಗ ನಿಂತು ಬಂದವರು. ಅದು ನಮಗ ಹೇಳಿದ್ದಲ್ಲ.

ಈ ಶನಿವಾರ 15ಕ್ಕ ಇಲ್ಲೇ ಎಡಿಸನ್‌ದಾಗ ರಿಪಬ್ಲಿಕನ್ ಹಿಂದೂ ಕೊಯಲಿಶನ್‌ದವರ ಕಾರ್ಯಕ್ರಮ ಐತಿ, ಟ್ರಂಪ್ ಬರ್ತಾರ. ಅಧ್ಯಕ್ಷ ಆಗೂ ಮನುಷ್ಯಾ ನಮ್ಮ ಮಂದಿ ಮುಂದ ಬಂದು ನಿಂತು ಮಾತಾಡೂದು ಸಣ್ಣ ಮಾತಲ್ಲ. ನಾನು ಕುಟುಂಬ ಸಮೇತ ಹೊಂಟೀನಿ.

ಡಲ್ಲಾಸಿನ ಅಮ್ಮ (ಟೆಕ್ಸಸ್), ಅಕ್ಟೋಬರ್ 11

2004ರಿಂದ ರಿಪಬ್ಲಿಕನ್ ಪಕ್ಷಕ್ಕೇ ಓಟು ಹಾಕಿದ್ದೇನೆ. ಬುಷ್, ಮೆಕೇನ್, ರಾಮ್ನಿ. ಈ ಸಲ ನನ್ನಿಂದ ಆಗದು.

ಭಾನುವಾರ ರಾತ್ರಿ ಸೇಂಟ್ ಲೂಯಿಸ್ ಚರ್ಚೆಯನ್ನು ಮನೆಯವರೆಲ್ಲ ಕೂತು ನೋಡಿದೆವು. ಅದು ಬರೀ ಲಾಕರ್ ರೂಮ್ ಮಾತು ಅಂತ ಅವರು ಅಂದಾಗ ನನ್ನ 14 ವರ್ಷದ ಮಗಳು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. "ಅಮ್ಮಾ, ನಮ್ಮ ಶಾಲೆಯ ಹುಡುಗರೂ ಲಾಕರ್ ರೂಮಿನಲ್ಲಿ ನನ್ನ ಬಗ್ಗೆ ಹೀಗೇ ಮಾತಾಡ್ತಾರಾ?" ಅಂತ ಕೇಳಿದಳು. ನನ್ನ ಗಂಡ ಟಿವಿ ಸದ್ದು ನಿಲ್ಲಿಸಿದರು. ಇಬ್ಬರಿಗೂ ಉತ್ತರ ಹೊಳೆಯಲಿಲ್ಲ.

ತೆರಿಗೆ ಕಡಿಮೆಯಾಗಬೇಕು ಅನ್ನೋದರಲ್ಲಿ ನಾನೂ ನಿಮ್ಮ ಜೊತೆಗೇ ಇದ್ದೇನೆ, ಧಾರವಾಡದವರೇ. ಆದರೆ ಮಗಳಿಗೆ ಉತ್ತರ ಕೊಡಲಾಗದ ಓಟು ನನಗೆ ಬೇಡ. ಹಿಲರಿಯವರನ್ನೂ ನಂಬಲು ಮನಸ್ಸು ಬರುತ್ತಿಲ್ಲ, ಅದೇ ನನ್ನ ಪೇಚಾಟ.

ಸಾಗರದ ಮೇಷ್ಟ್ರು (ಶಿವಮೊಗ್ಗ ಜಿಲ್ಲೆ), ಅಕ್ಟೋಬರ್ 12

ನನ್ನ ಮಗ ಅಲ್ಲೇ ಇರುವುದರಿಂದ ನಾನೂ ದಿನಾ ಇದನ್ನೇ ಓದುತ್ತಿದ್ದೇನೆ. ಎರಡು ಸಂಶಯ. ಇಷ್ಟು ಗದ್ದಲವಾದ ಮೇಲೂ ಪಕ್ಷ ಅಭ್ಯರ್ಥಿಯನ್ನು ಬದಲಿಸಲು ಬರುವುದಿಲ್ಲವೇ? ಐವತ್ತು ರಾಜ್ಯಗಳಿದ್ದರೂ ಪತ್ರಿಕೆಗಳೆಲ್ಲ ಮಿಚಿಗನ್, ಒಹಾಯೊ, ಪೆನ್ಸಿಲ್ವೇನಿಯಾ ಅಂತಲೇ ಜಪ ಮಾಡುವುದೇಕೆ?

ಮಿಚಿಗನ್ ಹಳಬ (ಟ್ರಾಯ್), ಅಕ್ಟೋಬರ್ 12

ಮೇಷ್ಟ್ರೇ, ಕಾಲ ಮೀರಿದೆ. ಎಷ್ಟೋ ರಾಜ್ಯಗಳಲ್ಲಿ ಮತಪತ್ರ ಅಚ್ಚಾಗಿದೆ, ಅಂಚೆಯಲ್ಲಿ ಓಟು ಹಾಕಿದವರೂ ಇದ್ದಾರೆ. ಮೆಕೇನ್ ಬೆಂಬಲ ಹಿಂತೆಗೆದುಕೊಂಡರು. ಸ್ಪೀಕರ್ ಪಾಲ್ ರಯಾನ್ ಇನ್ನು ನಾನು ಅವರ ಪರ ವಾದಿಸುವುದಿಲ್ಲ ಅಂದರು. ಅಷ್ಟು ಬಿಟ್ಟರೆ ಪಕ್ಷದ ಕೈಯಲ್ಲಿ ಬೇರೇನೂ ಉಳಿದಿಲ್ಲ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಗೆ ಪ್ರೈಮರಿ ಅನ್ನುತ್ತಾರೆ; 17 ಜನ ಸ್ಪರ್ಧಿಗಳಿದ್ದ ಪ್ರೈಮರಿಯಲ್ಲಿ ಜನರೇ ಆರಿಸಿದ ವ್ಯಕ್ತಿ ಅವರು.

ಎರಡನೆಯದಕ್ಕೆ ಉತ್ತರ ಎಲೆಕ್ಟೋರಲ್ ಕಾಲೇಜು. ಅಧ್ಯಕ್ಷರನ್ನು ಆರಿಸುವುದು ರಾಜ್ಯವಾರು ಹಂಚಿದ ಪ್ರತಿನಿಧಿಗಳ ಓಟು. ಒಟ್ಟು 538, ಗೆಲ್ಲಲು 270 ಬೇಕು. ಬಹುಪಾಲು ರಾಜ್ಯಗಳಲ್ಲಿ ಒಂದು ಓಟು ಹೆಚ್ಚು ಬಂದವರಿಗೆ ಆ ರಾಜ್ಯದ ಎಲ್ಲವೂ ಹೋಗುತ್ತದೆ. ಕ್ಯಾಲಿಫೋರ್ನಿಯಾ ಯಾರಿಗೆ ಅಂತ ಈಗಲೇ ಗೊತ್ತು. ನಮ್ಮ ಮಿಚಿಗನ್ನಿನ 16, ಪೆನ್ಸಿಲ್ವೇನಿಯಾದ 20, ಒಹಾಯೊದ 18, ಇಂಥವುಗಳ ಮೇಲೆ ಕಣ್ಣು.

ಈಗ ಹಾಸನದ ಹುಡುಗಿಗೆ. ನಾನು ಇಲ್ಲಿಗೆ ವಿದ್ಯಾರ್ಥಿಯಾಗಿ ಬಂದದ್ದು 1971ರಲ್ಲಿ. ನಿಮ್ಮ ಕೌಂಟಿಯ ಕಥೆ ಸ್ವಲ್ಪ ಹೇಳಲೇಬೇಕು. 1960ರಲ್ಲಿ ಕೆನಡಿಗೆ ಸುಮಾರು 63 ಪ್ರತಿಶತ ಓಟು ಕೊಟ್ಟ ಜಾಗ ಅದು. ಕಾರ್ ಕಾರ್ಖಾನೆ, ಯೂನಿಯನ್, ಕ್ಯಾಥೊಲಿಕ್ ಚರ್ಚು, ಡೆಮಾಕ್ರಟಿಕ್ ಪಕ್ಷ, ಎಲ್ಲ ಒಂದೇ ಬಳ್ಳಿಯಲ್ಲಿ ಹಬ್ಬಿತ್ತು. ಅದೇ ಜನ 1984ರಲ್ಲಿ ಮೂರರಲ್ಲಿ ಎರಡು ಪಾಲು ರಿಪಬ್ಲಿಕನ್ ಪಕ್ಷದ ರೇಗನ್‌ಗೆ ಹಾಕಿದರು. ಯಾಕೆ ಹೀಗಾಯಿತು ಅಂತ ತಿಳಿಯಲು ಸ್ಟ್ಯಾನ್ಲಿ ಗ್ರೀನ್‌ಬರ್ಗ್ ಎಂಬ ಸಮೀಕ್ಷಕರು 1985ರಲ್ಲಿ ಇಲ್ಲಿಗೇ ಬಂದು ಜನರನ್ನು ಕೂರಿಸಿ ಕೇಳಿದರು. ರೇಗನ್ ಡೆಮಾಕ್ರಾಟ್ ಅನ್ನುವ ಹೆಸರು ಮಕೋಂಬಿಗೆ ಅಂಟಿಕೊಂಡಿತು.

ಇವೆರಡರ ನಡುವೆ 1972 ಇದೆ, ಅದನ್ನು ನಾನು ಕಣ್ಣಾರೆ ಕಂಡೆ. ಅಲಬಾಮಾದ ಗವರ್ನರ್ ಜಾರ್ಜ್ ವ್ಯಾಲೇಸ್, ಕರಿಯ ವಿದ್ಯಾರ್ಥಿಗಳನ್ನು ತಡೆಯಲು 1963ರಲ್ಲಿ ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡ ನಿಂತ ಮನುಷ್ಯ, ಇಲ್ಲಿನ ಡೆಮಾಕ್ರಟಿಕ್ ಪ್ರೈಮರಿಗೆ ನಿಂತರು. ಆಗ ಬಿಳಿಯರ ಮತ್ತು ಕರಿಯರ ಮಕ್ಕಳು ಒಟ್ಟಿಗೆ ಕಲಿಯಲಿ ಅಂತ ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಯ ಶಾಲೆಗೆ ಕಳಿಸುವ ವಿಚಾರ ಕೋರ್ಟಿನಲ್ಲಿತ್ತು. ಅದರ ಹಿಂದಿನ ವರ್ಷ ಪಾಂಟಿಯಾಕ್‌ನಲ್ಲಿ ಹತ್ತು ಶಾಲಾ ಬಸ್ಸುಗಳನ್ನು ಬಾಂಬಿಟ್ಟು ಉಡಾಯಿಸಿದ್ದರು. ಮೇ 15ರಂದು ಮೇರಿಲ್ಯಾಂಡಿನಲ್ಲಿ ವ್ಯಾಲೇಸ್‌ಗೆ ಗುಂಡು ಬಿತ್ತು. ಮರುದಿನ ಮಿಚಿಗನ್ ಅವರನ್ನು ಅರ್ಧಕ್ಕಿಂತ ಹೆಚ್ಚು ಓಟು ಕೊಟ್ಟು ಗೆಲ್ಲಿಸಿತು. ನನ್ನ ಬಾಡಿಗೆ ಮನೆಯ ಯಜಮಾನ ವ್ಯಾಲೇಸ್‌ಗೇ ಹಾಕಿದ್ದ. ತುಂಬ ಒಳ್ಳೆಯ ಮನುಷ್ಯ. ಅವನೂ ನನಗೆ ಹೇಳಿದ್ದು ಇಷ್ಟೇ: ಇದು ನಿನ್ನ ವಿಷಯ ಅಲ್ಲ.

ಕೆಲಸ ಹೋದ ಸಿಟ್ಟೂ ನಿಜ. 1994ರಿಂದ ನಾಫ್ಟಾ, ಅಂದರೆ ಅಮೆರಿಕ, ಕೆನಡಾ, ಮೆಕ್ಸಿಕೋ ನಡುವಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಲ್ಲಿದೆ, ಅದರ ಕಾಯ್ದೆಗೆ ಸಹಿ ಹಾಕಿದವರು ಬಿಲ್ ಕ್ಲಿಂಟನ್. ಈ ಫೆಬ್ರವರಿಯಲ್ಲಿ ಇಂಡಿಯಾನಾಪೊಲಿಸ್‌ನ ಕ್ಯಾರಿಯರ್ ಏಸಿ ಕಾರ್ಖಾನೆಯಲ್ಲಿ 1,400 ಕೆಲಸ ಮೆಕ್ಸಿಕೋಗೆ ಹೋಗುತ್ತದೆ ಅಂತ ಕಾರ್ಮಿಕರಿಗೆ ಹೇಳಿದ ವಿಡಿಯೊ ನೋಡಿರಬೇಕು. ಹೋದ ತಿಂಗಳು ಫೋರ್ಡ್ ತನ್ನ ಸಣ್ಣ ಕಾರುಗಳ ತಯಾರಿಕೆಯೆಲ್ಲ ಮೆಕ್ಸಿಕೋಗೆ ಅಂತ ಪ್ರಕಟಿಸಿತು. ಟ್ರಂಪ್ ಇದನ್ನು ಹೆಸರು ಹಿಡಿದು ಹೇಳುತ್ತಾರೆ. ಉಳಿದವರು ತಡವರಿಸುತ್ತಾರೆ. ಸಿಟ್ಟು ಯಾವುದು, ದ್ವೇಷ ಯಾವುದು ಅಂತ ಬೇರ್ಪಡಿಸಿ ತೂಗುವ ತಕ್ಕಡಿ ನನ್ನ ಹತ್ತಿರ 45 ವರ್ಷದಿಂದಲೂ ಇಲ್ಲ.

ಮಾತಾಡಿ ತಾಯಿ. ಸುಮ್ಮನಿದ್ದರೆ ಕಿಟಕಿಯಿಂದ ನೋಡುವುದಷ್ಟೇ ಉಳಿಯುತ್ತದೆ.

ಕರಾವಳಿಯವ (ಶಿಕಾಗೊ ಬಳಿ), ಅಕ್ಟೋಬರ್ 12

ನಾನು ಭಟ್ಕಳದವ. ಈ ವೇದಿಕೆಯಲ್ಲಿ ಹತ್ತು ವರ್ಷದಿಂದ ಇದ್ದೇನೆ. ಹೆಚ್ಚಾಗಿ ಅಡುಗೆ, ಮಳೆ, ಯಕ್ಷಗಾನ ಅಂತ ಬರೆದವ, ರಾಜಕೀಯ ಬರೆದದ್ದು ಕಡಿಮೆ.

ಹೋದ ವರ್ಷ ಡಿಸೆಂಬರ್ 7ಕ್ಕೆ ಟ್ರಂಪ್ ಹೇಳಿಕೆ ಕೊಟ್ಟರು: ಮುಸ್ಲಿಮರು ಅಮೆರಿಕಕ್ಕೆ ಬರುವುದನ್ನೇ ಪೂರ್ತಿ ನಿಲ್ಲಿಸಬೇಕು ಅಂತ. ಕಳ್ಳದಾರಿಯವರು ಅಂತ ಹೇಳಲಿಲ್ಲ. ಕಾಗದಪತ್ರ ಇಲ್ಲದವರು ಅಂತ ಹೇಳಲಿಲ್ಲ. ನನ್ನ ತಾಯಿಗೆ 71 ವರ್ಷ. ಎರಡು ಸಲ ಬಂದು ಹೋಗಿದ್ದಾರೆ, ಎರಡು ಸಲವೂ ಹೇಳಿದ ದಿನಕ್ಕಿಂತ ಮೊದಲೇ ವಾಪಸು ಹೋಗಿದ್ದಾರೆ, ಮಳೆಗಾಲಕ್ಕೆ ಮನೆ ಮಾಡು ನೋಡಬೇಕು ಅಂತ. ಈಗ ವೀಸಾ ಮುಗಿದಿದೆ, ಹೊಸದಕ್ಕೆ ಅರ್ಜಿ ಹಾಕಬೇಕು. ಮೊಮ್ಮಗಳ ಹೆರಿಗೆಗೆ ಬರುವ ಆಸೆ ಅವರಿಗೆ.

ಧಾರವಾಡದವರೇ, ನಿಮ್ಮ ಮೇಲೆ ನನಗೆ ಕೋಪ ಇಲ್ಲ. ನನ್ನ ತಂದೆ ತೀರಿಕೊಂಡಾಗ ಊರಿಗೆ ಟಿಕೆಟ್ ಸಿಗದೆ ಒದ್ದಾಡುತ್ತಿದ್ದೆ. ಎಡಿಸನ್ನಿನಿಂದ ಫೋನ್ ಮಾಡಿ ಟಿಕೆಟ್ ಮಾಡಿಸಿಕೊಟ್ಟವರು ನೀವು. "ಅದು ನಮಗೆ ಹೇಳಿದ್ದಲ್ಲ" ಅಂತ ಬರೆದಿರಿ. ಹೌದು, ನಿಮಗೆ ಹೇಳಿದ್ದಲ್ಲ. ನನಗೆ ಹೇಳಿದ್ದು. ಆ "ನಮಗೆ" ಒಳಗೆ ನಾನು ಉಂಟೋ ಇಲ್ಲವೋ ಅಂತ ನಿನ್ನೆಯಿಂದ ಯೋಚನೆ ಮಾಡ್ತಿದ್ದೇನೆ.

ಜುಲೈಯಲ್ಲಿ ಫಿಲಡೆಲ್ಫಿಯಾದ ಡೆಮಾಕ್ರಟಿಕ್ ಸಮಾವೇಶದಲ್ಲಿ ಖಿಜ್ರ್ ಖಾನ್ ಜೇಬಿನಿಂದ ಸಂವಿಧಾನದ ಪುಸ್ತಕ ತೆಗೆದು ತೋರಿಸಿದಾಗ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ನಿಂತಿದ್ದೆವು. ಅವರ ಮಗ ಕ್ಯಾಪ್ಟನ್ ಹುಮಾಯೂನ್ ಖಾನ್ 2004ರಲ್ಲಿ ಇರಾಕಿನಲ್ಲಿ ಈ ದೇಶಕ್ಕಾಗಿ ಸತ್ತವ. ಆ ತಂದೆತಾಯಿಯ ಮೇಲೂ ಟ್ರಂಪ್ ತಿರುಗಿ ಬಿದ್ದರು. ಇದಕ್ಕಿಂತ ಹೆಚ್ಚು ನಾವು ಏನು ಕೊಡಬೇಕು ಹೇಳಿ.

ಧಾರವಾಡದಂವ, ಅಕ್ಟೋಬರ್ 12

ಅಣ್ಣಾ, ನೀವು ಬರೆದದ್ದು ಓದಿ ಎದಿ ಭಾರ ಆತು. ನೀವು ನಮ್ಮವರs. ಕೋರ್ಟು, ಸಂವಿಧಾನ ಅದಾವ, ಅಂಥಾ ಕಾಯ್ದೆ ನಿಲ್ಲೂದಿಲ್ಲ ಅಂತ ನನ್ನ ನಂಬಿಕಿ. ಇದಕ್ಕಿಂತ ಹೆಚ್ಚು ಈಗ ಏನೂ ಹೇಳಾಕ ಆಗವಲ್ದು.

ಸರತಿಸಾಲಿನವ (ಫ್ಲಾರಿಡಾ), ಅಕ್ಟೋಬರ್ 13

ನನಗೆ ಓಟಿಲ್ಲ. 2008ರಲ್ಲಿ ಎಚ್‌1ಬಿ ಮೇಲೆ ಬಂದೆ, ಗ್ರೀನ್ ಕಾರ್ಡ್ ಸಾಲಿನಲ್ಲಿ ಇನ್ನೂ ನಿಂತಿದ್ದೇನೆ. ಮಾರ್ಚ್ 3ರ ಡೆಟ್ರಾಯ್ಟ್ ಚರ್ಚೆಯಲ್ಲಿ ನುರಿತ ಕೆಲಸಗಾರರು ಬೇಕು, ನಿಲುವು ಸಡಿಲಿಸುತ್ತಿದ್ದೇನೆ ಅಂದರು ಟ್ರಂಪ್. ಅದೇ ರಾತ್ರಿ ಹೇಳಿಕೆ ಹೊರಡಿಸಿ, ಎಚ್‌1ಬಿಯನ್ನು ಅಗ್ಗದ ಕೂಲಿಗೆ ಬಳಸುವುದನ್ನು ಶಾಶ್ವತವಾಗಿ ನಿಲ್ಲಿಸುತ್ತೇನೆ ಅಂದರು. ಹಾಗಾಗಿ ಧಾರವಾಡದವರೇ, ಕಾಗದಪತ್ರ ಹಿಡಿದು ಸಾಲಿನಲ್ಲಿ ನಿಂತವರಿಗೂ ಅದು ಹೇಳಿದ್ದೇ.

ಆದರೆ ಒಂದು ಕಡೆಯಿಂದ ಅವರ ಸಭೆಗೆ ಹೋಗುವ ಜನರ ಸಿಟ್ಟು ನನಗೆ ಅರ್ಥವಾಗುತ್ತದೆ. ನನ್ನ ಮೊದಲ ಪ್ರಾಜೆಕ್ಟಿನಲ್ಲಿ ನನಗೆ ಕೆಟಿ ಕೊಟ್ಟವರಿಗೆ 58 ವರ್ಷ. ಕೆಲಸ ಹಸ್ತಾಂತರ ಮಾಡೋದನ್ನು ನಾವು ಕೆಟಿ ಅಂತೀವಲ್ಲ. ಆರು ವಾರ ಪಕ್ಕದಲ್ಲಿ ಕೂತು, ರಾತ್ರಿ ಬ್ಯಾಚ್ ಎಲ್ಲಿ ಕೈಕೊಡುತ್ತದೆ, ತಿಂಗಳ ಕೊನೆಗೆ ಯಾವ ಫೈಲ್ ತಡವಾಗಿ ಬರುತ್ತದೆ ಅಂತ ಹೇಳಿಕೊಟ್ಟರು. ಕೊನೆಯ ದಿನ ಮೇಜಿನ ಮೇಲಿದ್ದ ಫೋಟೊಗಳನ್ನು ಪೆಟ್ಟಿಗೆಗೆ ಹಾಕಿಕೊಂಡರು. ಸ್ವಂತ ಕೈಬರಹದ ಒಂದು ನೋಟ್‌ಬುಕ್ ನನಗೆ ಕೊಟ್ಟು, ಇದು ನಿನಗೆ ಬೇಕಾಗುತ್ತದೆ ಅಂದರು. ಅವರ ಕೆಲಸವೇ ನನಗೆ ಬಂದದ್ದು. ಆ ನೋಟ್‌ಬುಕ್ಕನ್ನು ಮೂರು ವರ್ಷ ಬಳಸಿದೆ. ಇವತ್ತಿಗೂ ಎಸೆಯಲು ಮನಸ್ಸಾಗಿಲ್ಲ.

ಅವರು ಯಾರಿಗೆ ಓಟು ಹಾಕುತ್ತಾರೋ ಗೊತ್ತಿಲ್ಲ. ಟ್ರಂಪ್‌ಗೆ ಹಾಕಿದರೆ ಅವರನ್ನು ಕೆಟ್ಟವರು ಅನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಬೋರ್ಡ್‌ವಾಕ್ (ದಕ್ಷಿಣ ಜೆರ್ಸಿ), ಅಕ್ಟೋಬರ್ 13

ಹೋದ ತಿಂಗಳ ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನಕ್ಕೆ ಅಟ್ಲಾಂಟಿಕ್ ಸಿಟಿಗೆ ಬಂದವರು ಸಮುದ್ರದ ದಂಡೆಯಲ್ಲಿ ನಡೆದಾಡಿರಬೇಕು. ಟ್ರಂಪ್ ತಾಜ್‌ಮಹಲ್ ಕ್ಯಾಸಿನೊ ಮುಂದೆ ಫಲಕ ಹಿಡಿದು ಸುತ್ತು ಹಾಕುತ್ತಿದ್ದ ಕಾರ್ಮಿಕರನ್ನು ನೆನಪಿಸಿಕೊಳ್ಳಿ. ಜುಲೈ 1ರಿಂದ ಮುಷ್ಕರ ಹೂಡಿದ್ದರು. ಈ ಸೋಮವಾರ ಅದು ಮುಚ್ಚಿತು. ಈಗಿನ ಮಾಲೀಕರು ಕಾರ್ಲ್ ಐಕಾನ್, ಟ್ರಂಪ್ ಅಲ್ಲ, ಅದನ್ನು ಹೇಳಲೇಬೇಕು. ಆದರೆ 1990ರಲ್ಲಿ ಅದನ್ನು ತೆರೆದವರು ಟ್ರಂಪ್. ಮರುವರ್ಷವೇ ಅದು ದಿವಾಳಿ ಕೋರ್ಟಿಗೆ ಹೋಯಿತು. ಅದನ್ನು ಕಟ್ಟಿದ ಗುತ್ತಿಗೆದಾರರಲ್ಲಿ ಎಷ್ಟೋ ಜನ ಪೂರ್ತಿ ದುಡ್ಡು ಕೈಗೆ ಬರಲಿಲ್ಲ ಅನ್ನುತ್ತಾರೆ. ವ್ಯಾಪಾರ ಬಲ್ಲವರು, ದೇಶ ನಡೆಸುತ್ತಾರೆ ಅನ್ನುವವರು ಈ ಊರಿಗೆ ಒಮ್ಮೆ ಬಂದು ಹೋಗಬೇಕು.

ವಿಲ್ಕ್ಸ್‌ಬ್ಯಾರೆ ನಿವಾಸಿ (ಪೆನ್ಸಿಲ್ವೇನಿಯಾ), ಅಕ್ಟೋಬರ್ 14

ಸೋಮವಾರ ಟ್ರಂಪ್ ನಮ್ಮೂರಿಗೆ ಬಂದಿದ್ದರು, ವಿಡಿಯೊ ಬಂದ ಮೂರನೇ ದಿನ. ಕೆಲಸ ಮುಗಿಸಿ ಬರುವಾಗ ಅರೀನಾ ಕಡೆ ಹೋಗುವ ರಸ್ತೆಯೆಲ್ಲ ಕಾರುಗಳು. ಜನ ಕಡಿಮೆಯಾಗಿರಲಿಲ್ಲ. ಸೆಪ್ಟೆಂಬರ್ 9ಕ್ಕೆ ಹಿಲರಿ ಟ್ರಂಪ್ ಬೆಂಬಲಿಗರಲ್ಲಿ ಅರ್ಧದಷ್ಟು ಜನರನ್ನು ಡಿಪ್ಲೋರಬಲ್ಸ್ ಅಂದರಲ್ಲ, ಅಂದರೆ ಹೇಸಿಗೆಯ ಜನ ಅಂತ, ಆ ಪದವನ್ನೇ ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡು ಬಂದಿದ್ದರು. "ಅರ್ಧ" ಅಂದದ್ದು ತಪ್ಪಾಯಿತು ಅಂತ ಮರುದಿನವೇ ಹಿಲರಿ ಹೇಳಿದರು. ಆದರೆ ಆಡಿದ ಮಾತು ಆಡಿಯಾಗಿತ್ತು. ನನ್ನ ಜೊತೆ ಕೆಲಸ ಮಾಡುವ ಒಬ್ಬ ಹೆಂಗಸು, ಮೂರು ಮಕ್ಕಳ ತಾಯಿ, ಅಲ್ಲಿಯವರೆಗೆ ಯಾರಿಗೆ ಹಾಕಲಿ ಅಂತ ಯೋಚಿಸುತ್ತಿದ್ದರು. ಆ ಮಾತಿನ ಮೇಲೆ ನಿರ್ಧಾರ ಮಾಡಿಬಿಟ್ಟರು. ಮತದಾರರನ್ನು ಬೈದು ಗೆದ್ದವರುಂಟೇ?

ಹಾಸನದ ಹುಡುಗಿ, ಅಕ್ಟೋಬರ್ 17

ಮಾತಾಡಿದೆ.

ನಿನ್ನೆ ಇಬ್ಬರೂ ಅಂಗಳದಲ್ಲಿ ಎಲೆ ಗುಡಿಸ್ತಿದ್ವಿ. ಮೇಪಲ್ ಮರ ಅವರದ್ದು, ಎಲೆ ಅರ್ಧ ನಮ್ಮ ಕಡೆ ಬೀಳುತ್ತೆ, ಹಾಗಾಗಿ ಪ್ರತಿ ವರ್ಷವೂ ಈ ಕೆಲಸ ಒಟ್ಟಿಗೇ. ಬೋರ್ಡಿನ ಕಡೆ ಕೈ ತೋರಿಸಿ, ಯಾಕೆ ಅಂತ ಕೇಳಿಯೇ ಬಿಟ್ಟೆ.

ಅವರು ಕುಂಟೆಗೆ ಗದ್ದ ಊರಿ ನಿಂತ್ರು. ಆ ವಿಡಿಯೊ ನೋಡಿ ನಾಚಿಕೆ ಆಯ್ತು, ಇಬ್ಬರು ಮೊಮ್ಮಕ್ಕಳಿದ್ದಾರೆ ನನಗೆ, ಆ ಮನುಷ್ಯನನ್ನು ಊಟಕ್ಕೆ ಕರೆಯಲಾರೆ ಅಂದ್ರು. ಆಮೇಲೆ ತಮ್ಮ ಪ್ಲಾಂಟಿನ ಮೂರು ಶಿಫ್ಟು ಎರಡಾಗಿದ್ದು, ಎರಡು ಒಂದಾಗಿದ್ದು, ಪಾರ್ಕಿಂಗಿನಲ್ಲಿ ಹುಲ್ಲು ಬೆಳೆದಿದ್ದು ಹೇಳಿದ್ರು. ಒಬಾಮಾಗೆ ಹಾಕಿದಾಗ ಏನಾದ್ರೂ ಬದಲಾಗುತ್ತೆ ಅಂತ ಹಾಕಿದೆ, ಈಗಲೂ ಅದಕ್ಕೇ ಹಾಕ್ತಿದ್ದೀನಿ ಅಂದ್ರು. ಮರ್ಯಾದೆಯಿಂದ ಮಾತಾಡೋರೇ ಇಪ್ಪತ್ತು ವರ್ಷ ನಮ್ಮ ಕೆಲಸ ಕಳಿಸಿಬಿಟ್ಟರು ಅಂದ್ರು. ಇದಕ್ಕೆ ನನ್ನ ಹತ್ತಿರ ಜವಾಬು ಇರಲಿಲ್ಲ.

ನಾನು ಕೇಳಿದೆ: ವಲಸೆ ಬಂದವರ ಬಗ್ಗೆ ಹೀಗೆಲ್ಲ ಅಂತಾರಲ್ಲ, ನಾನೂ ವಲಸೆ ಬಂದವಳೇ. ಅವರಿಗೆ ನಿಜವಾಗ್ಲೂ ಆಶ್ಚರ್ಯ ಆಯ್ತು. "ನಿನ್ನ ಬಗ್ಗೆ ಅಲ್ಲಮ್ಮ. ನೀನು ಹಾಗಲ್ಲ" ಅಂದ್ರು. ತುಂಬ ಪ್ರೀತಿಯಿಂದಲೇ ಅಂದ್ರು.

ಹಳಬರೇ, ನಿಮ್ಮ ಮನೆ ಯಜಮಾನನ ಮಾತು ನೆನಪಾಯ್ತು. ಕರಾವಳಿಯವರೇ, ನಿಮ್ಮದೂ ನೆನಪಾಯ್ತು. ನಮ್ಮ ಬೀದಿ ತುದಿಯಲ್ಲಿ ಇರಾಕಿನಿಂದ ಬಂದ ಕುಟುಂಬ ಇದೆ. ಅವರ ಪಕ್ಕದ ಮನೆಯವರಿಗೆ ಅವರೂ "ಹಾಗಲ್ಲ" ಆಗಿರಬೇಕು. ಎಲ್ಲರಿಗೂ ತಮಗೆ ಗೊತ್ತಿರೋರೆಲ್ಲ "ಹಾಗಲ್ಲ" ಆದ್ರೆ, ಆ ಹಾಗಿರೋರು ಯಾರು? ಅವರ ಮನೆ ಯಾವ ಬೀದಿಯಲ್ಲಿದೆ? ಇದನ್ನು ಅವರಿಗೆ ಅಲ್ಲೇ ಕೇಳಬೇಕಿತ್ತು. ಆ ಕ್ಷಣಕ್ಕೆ ಮಾತು ಬರಲಿಲ್ಲ. ಎಲೆ ತುಂಬಿದ ಚೀಲದ ಬಾಯಿ ಅವರು ಹಿಡ್ಕೊಂಡ್ರು, ನಾನು ಕಟ್ಟಿದೆ.

ಧಾರವಾಡದಂವ, ಅಕ್ಟೋಬರ್ 17

ನಾನೂ ಹೇಳಬೇಕಾಗಿದ್ದು ಐತಿ. ಶನಿವಾರ ಕಾರ್ಯಕ್ರಮಕ್ಕ ಹೋಗಿದ್ದೆ. ಟ್ರಂಪ್ ದೀಪ ಹಚ್ಚಿದ್ರು. ಹಿಂದೂಗಳ ಬಗ್ಗೆ, ಭಾರತದ ಬಗ್ಗೆ ಭಾಳ ಛಲೋ ಮಾತಾಡಿದ್ರು. ಮಂದಿ ಖುಷಿಯಿಂದ ಕೂಗಿದ್ರು, ನಾನೂ ಕೂಗಿದೆ.

ಅದಕ್ಕ ಮೊದಲ ವೇದಿಕಿ ಮ್ಯಾಲ ಒಂದು ನೃತ್ಯ ಇತ್ತು. ಜೋಡಿಗಳು ಕುಣಿಯಾಕತ್ತಿರ್ತಾವ, ಉಗ್ರಗಾಮಿ ವೇಷದವರು ಬಂದು ದಾಳಿ ಮಾಡ್ತಾರ, ಅಮೆರಿಕದ ಸೈನಿಕರು ಬಂದು ಉಳಸ್ತಾರ. ಮಂದಿ ಚಪ್ಪಾಳಿ ಹೊಡದ್ರು. ನನ್ನ ಕೈ ಮ್ಯಾಲೇಳಲಿಲ್ಲ. ಭಟ್ಕಳದ ತಾಯಿಯವರು ಮನಿ ಮಾಡು ನೋಡಾಕ ಲಗೂನ ವಾಪಸ್ ಹೋದದ್ದು ನೆನಪಾತು. ಯಾಕಂತ ಗೊತ್ತಿಲ್ಲ, ಅಲ್ಲೇ ನೆನಪಾತು.

ನನ್ನ ಓಟು ಬದಲಾಗಿಲ್ಲ. ಸುಳ್ಳು ಹೇಳೂದಿಲ್ಲ. ಆದ್ರ "ಅದು ನಮಗ ಹೇಳಿದ್ದಲ್ಲ" ಅಂತ ಬರೆದದ್ದು ವಾಪಸ್ ತಗೋತೀನಿ. ತಪ್ಪಾತು ಅಣ್ಣಾ.

ಕರಾವಳಿಯವ, ಅಕ್ಟೋಬರ್ 17

ಓದಿದೆ. ಇಷ್ಟು ಬರೆದಿರಲ್ಲ, ದೊಡ್ಡದು. ಆದರೆ ಓಟು ಓಟೇ ಅಲ್ಲವಾ. ಅದರ ಬೇಸರ ಹೋಗಿಲ್ಲ, ಹೋಯಿತು ಅಂತ ಹೇಳಿದರೆ ನಾನು ಸುಳ್ಳು ಹೇಳಿದ ಹಾಗೆ.

ಆನ್ ಆರ್ಬರ್ ವಿದ್ಯಾರ್ಥಿ, ಅಕ್ಟೋಬರ್ 20

ನಾನು ಇಲ್ಲೇ ಹುಟ್ಟಿದವಳು, ಕನ್ನಡ ಕಲಿ ತರಗತಿಯಲ್ಲಿ ಬರೆಯಲು ಕಲಿತದ್ದು, ತಪ್ಪಿದ್ದರೆ ಕ್ಷಮಿಸಿ. ಮಾರ್ಚ್ 8ರ ಪ್ರೈಮರಿಯಲ್ಲಿ ಬರ್ನಿ ಸ್ಯಾಂಡರ್ಸ್‌ಗಾಗಿ ಮನೆಮನೆಗೆ ಹೋಗಿದ್ದೆ. ಸಮೀಕ್ಷೆಗಳೆಲ್ಲ ಹಿಲರಿ ಬಹಳ ಮುಂದೆ ಅಂದಿದ್ದವು, ಆದರೂ ಮಿಚಿಗನ್ ನಮ್ಮದಾಯಿತು. ಈಗ ನನ್ನ ಸ್ನೇಹಿತರಲ್ಲಿ ಕೆಲವರು ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ, ಕೆಲವರು ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್‌ಗೆ ಹಾಕುತ್ತೇವೆ ಅನ್ನುತ್ತಾರೆ. ನಿನ್ನೆ ಲಾಸ್ ವೇಗಸ್ ಚರ್ಚೆಯಲ್ಲಿ ಟ್ರಂಪ್ ಫಲಿತಾಂಶ ಒಪ್ಪುತ್ತೇನೆ ಅಂತ ಮಾತು ಕೊಡಲಿಲ್ಲ. ಅದನ್ನು ಕೇಳಿ ನನಗೆ ಭಯವಾಯಿತು. ಮೂರನೆಯವರಿಗೆ ಓಟು ಹಾಕುವುದು ತಪ್ಪೇ?

ಮಿಚಿಗನ್ ಹಳಬ, ಅಕ್ಟೋಬರ್ 20

ತಪ್ಪಲ್ಲ ಮಗೂ, ಓಟು ನಿನ್ನದು. ನಿನ್ನ ಕನ್ನಡ ಚೆನ್ನಾಗಿದೆ. ಆದರೆ 2000ದಲ್ಲಿ ಫ್ಲಾರಿಡಾ 537 ಓಟಿನಲ್ಲಿ ಬುಷ್ ಪಾಲಾದದ್ದನ್ನು ನೋಡಿದವನು ನಾನು. ಮಾರ್ಚ್‌ನಲ್ಲಿ ಸಮೀಕ್ಷೆ ತಪ್ಪಿದ ರಾಜ್ಯ ಇದು ಅಂತ ನೀನೇ ಹೇಳಿದೆ. ನವೆಂಬರಿನಲ್ಲೂ ತಪ್ಪಬಹುದು. ನಿನ್ನ ಸ್ನೇಹಿತರಿಗೆ ಅದನ್ನೇ ಹೇಳು.

ಡಲ್ಲಾಸಿನ ಅಮ್ಮ, ಅಕ್ಟೋಬರ್ 30

ಎಲ್ಲರಿಗೂ ದೀಪಾವಳಿ ಶುಭಾಶಯ. ಶುಕ್ರವಾರ ಎಫ್‌ಬಿಐ ನಿರ್ದೇಶಕ ಕೋಮಿ ಹಿಲರಿಯವರು ವಿದೇಶಾಂಗ ಕಾರ್ಯದರ್ಶಿಯಾಗಿದ್ದಾಗ ಖಾಸಗಿ ಸರ್ವರ್ ಬಳಸಿದ ಈಮೇಲ್ ವಿಚಾರವಾಗಿ ಸಂಸತ್ತಿಗೆ ಮತ್ತೆ ಕಾಗದ ಬರೆದಿದ್ದಾರೆ. ಚುನಾವಣೆಗೆ 11 ದಿನ ಇರುವಾಗ ಹೀಗೆ ಮಾಡಿದ್ದು ನನಗೆ ಸರಿ ಕಾಣಲಿಲ್ಲ. ನಾನು ಮುಂಗಡ ಮತದಾನದಲ್ಲಿ ಹೋದ ವಾರವೇ ಓಟು ಹಾಕಿಬಿಟ್ಟೆ, ಹಿಲರಿಗೆ. ಜೀವನದಲ್ಲಿ ಮೊದಲ ಸಲ ಡೆಮಾಕ್ರಾಟ್. ಮಗಳು ಜೊತೆಗೆ ಬಂದಿದ್ದಳು.

ಹಾಸನದ ಹುಡುಗಿ, ನವೆಂಬರ್ 8

ಹಾಕಿ ಬಂದೆ!

ಭಾನುವಾರ ಟ್ರಂಪ್ ನಮ್ಮ ಸ್ಟರ್ಲಿಂಗ್ ಹೈಟ್ಸ್‌ಗೇ ಬಂದಿದ್ರು, ಫ್ರೀಡಂ ಹಿಲ್ ಬಯಲಲ್ಲಿ. ಪಕ್ಕದ ಮನೆಯವರು ಹೋಗಿದ್ರು. ನಿನ್ನೆ ಹಿಲರಿನೂ ಮಿಚಿಗನ್ನಿಗೆ ಬಂದ್ರು. ಟ್ರಂಪ್ ಕೊನೆಯ ಸಭೆ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ, ನಡುರಾತ್ರಿ ದಾಟಿದ ಮೇಲೆ. ಯಾರಿಗೂ ಬೇಡದ ರಾಜ್ಯಕ್ಕೆ ಇಷ್ಟು ಜನ ಓಡಿ ಬರಲ್ಲ.

ಬೆಳಗ್ಗೆ ಏಳಕ್ಕೆ ಶಾಲೆಯ ವ್ಯಾಯಾಮ ಶಾಲೆ ಮುಂದೆ ಸಾಲು. ನನ್ನ ಮುಂದೆ ಏಳೆಂಟು ಜನರಾಚೆ ಅವರೇ ನಿಂತಿದ್ರು. ನನ್ನ ನೋಡಿ, ಹಿಂದಿರೋರಿಗೆಲ್ಲ ಕೇಳಿಸೋ ಹಾಗೆ, ಇವತ್ತು ಇವಳ ಮೊದಲ ಓಟು ಅಂದ್ರು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದ್ರು. ಕೈ ನಡುಗ್ತಿತ್ತು. ಕಾಗದದ ಮತಪತ್ರ, ಎರಡೂ ಬದಿ ತುಂಬ ಹೆಸರು, ಅಧ್ಯಕ್ಷರಿಂದ ಶಾಲಾ ಮಂಡಳಿವರೆಗೆ. ಹೆಸರಿನ ಮುಂದಿನ ಗುರುತನ್ನು ಪೆನ್ನಿನಲ್ಲಿ ಗೆರೆ ದಾಟದ ಹಾಗೆ ಕಪ್ಪು ಮಾಡಿದೆ, ರಂಗೋಲಿ ತುಂಬೋ ಹಾಗೆ. ಹಿಲರಿಗೆ. ಯಂತ್ರ ಅದನ್ನು ಒಳಗೆ ಎಳ್ಕೊಂಡಾಗ ಅಪ್ಪ ನೆನಪಾದ್ರು. ಪ್ರತಿ ಚುನಾವಣೆಗೂ ಇಸ್ತ್ರಿ ಮಾಡಿದ ಪಂಚೆ ಉಟ್ಕೊಂಡೇ ಹೋಗ್ತಿದ್ರು.

ಆನ್ ಆರ್ಬರ್ ವಿದ್ಯಾರ್ಥಿ, ನವೆಂಬರ್ 9, ಬೆಳಗಿನ ಜಾವ

ನಿದ್ದೆ ಬರುತ್ತಿಲ್ಲ. ಪೆನ್ಸಿಲ್ವೇನಿಯಾ ಹೋಯಿತು, ವಿಸ್ಕಾನ್ಸಿನ್ ಹೋಯಿತು. ಹಾಸ್ಟೆಲಿನಲ್ಲಿ ಎಲ್ಲರೂ ಅಳುತ್ತಿದ್ದಾರೆ.

ವಿಲ್ಕ್ಸ್‌ಬ್ಯಾರೆ ನಿವಾಸಿ, ನವೆಂಬರ್ 9

ನಮ್ಮ ಲುಜರ್ನ್ ಕೌಂಟಿಯೂ ಒಬಾಮಾಗೆ ಎರಡು ಸಲ ಕೊಟ್ಟದ್ದೇ. ಈ ಸಲ ಪೂರ್ತಿ ತಿರುಗಿತು. ಆ ಕಾರುಗಳ ಸಾಲು ನೋಡಿದ ದಿನವೇ ನನಗೆ ಅನುಮಾನವಿತ್ತು.

ಸಾಗರದ ಮೇಷ್ಟ್ರು, ನವೆಂಬರ್ 9

ಇಲ್ಲಿ ನಿನ್ನೆ ರಾತ್ರಿ 500, 1000ದ ನೋಟುಗಳನ್ನೇ ರದ್ದು ಮಾಡಿದ್ದಾರೆ. ಇವತ್ತು ಬ್ಯಾಂಕು ಮುಚ್ಚಿದೆ, ಪೇಟೆಯಲ್ಲಿ ಚಿಲ್ಲರೆ ಇಲ್ಲ, ಮಾತೆಲ್ಲ ಅದೇ. ಆದರೂ ಮಗನಿಗೆ ಫೋನ್ ಮಾಡಿ ಮೊದಲು ಕೇಳಿದ್ದು ನಿಮ್ಮ ಫಲಿತಾಂಶವನ್ನೇ. ಎಲ್ಲರೂ ಕ್ಷೇಮವಾಗಿರಿ.

ಮಿಚಿಗನ್ ಹಳಬ, ನವೆಂಬರ್ 28

ಇವತ್ತು ಮಿಚಿಗನ್ ಫಲಿತಾಂಶ ಅಧಿಕೃತವಾಯಿತು. ಟ್ರಂಪ್ 10,704 ಓಟಿನಿಂದ ಗೆದ್ದರು. ಮಕೋಂಬ್ ಕೌಂಟಿ ಒಂದರಲ್ಲೇ ಅವರ ಮುನ್ನಡೆ ಸುಮಾರು 48,000. ಜಿಲ್ ಸ್ಟೈನ್‌ಗೆ 51,000ಕ್ಕೂ ಹೆಚ್ಚು ಬಿದ್ದಿದೆ. ಅಧ್ಯಕ್ಷರ ಜಾಗವನ್ನೇ ಖಾಲಿ ಬಿಟ್ಟು ಉಳಿದವರಿಗೆಲ್ಲ ಗುರುತು ಹಾಕಿದವರು 75,000ದಷ್ಟು. ಈ ಕೊನೆಯ ಸಂಖ್ಯೆಯನ್ನೇ ಬೆಳಗ್ಗೆಯಿಂದ ನೋಡುತ್ತ ಕೂತಿದ್ದೇನೆ. ಸಾಲಿನಲ್ಲಿ ನಿಂತು, ಪೆನ್ನು ಹಿಡಿದು, ಆ ಒಂದು ಸಾಲನ್ನು ದಾಟಿ ಮುಂದೆ ಹೋದ 75,000 ಜನ.

ಹಾಸನದ ಹುಡುಗಿ, ನವೆಂಬರ್ 28

ಬೋರ್ಡು ತೆಗೆದಿದ್ದಾರೆ. ಹುಲ್ಲಿನಲ್ಲಿ ತಂತಿ ಊರಿದ್ದ ಎರಡು ತೂತು ಉಳಿದಿವೆ. ಫಲಿತಾಂಶ ಬಂದ ದಿನ ಅವರು ನಮ್ಮ ಬಾಗಿಲಿಗೆ ಬರಲಿಲ್ಲ, ನಾನೂ ಹೋಗಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ದಿನ ಬಂದು, ಯಾರಾದ್ರೂ ನಿನಗೆ ಏನಾದ್ರೂ ಅಂದ್ರೆ ಮೊದಲು ನನಗೆ ಹೇಳು ಅಂದ್ರು. ಅವತ್ತು ಕೇಳಬೇಕಾಗಿದ್ದನ್ನು ಕೇಳಿದೆ: ಬೀದಿ ತುದಿಯ ಮನೆಯವರಿಗೆ ಅಂದ್ರೆ? ಅವರು ಸ್ವಲ್ಪ ಹೊತ್ತು ನೆಲ ನೋಡಿದ್ರು. ಅವರ ಪರಿಚಯ ನನಗಿಲ್ಲ ಅಂದ್ರು. ಭಾನುವಾರ ನಾನು ಹೋಗ್ತಿದ್ದೀನಿ, ಬನ್ನಿ ಅಂತ ಕರೆದಿದ್ದೀನಿ. ಬರ್ತೀನಿ ಅಂದಿಲ್ಲ, ಬರಲ್ಲ ಅಂತಲೂ ಅಂದಿಲ್ಲ.

ಕರಾವಳಿಯವ, ನವೆಂಬರ್ 29

ತಾಯಿಯ ವೀಸಾ ಅರ್ಜಿ ಹಾಕಿದ್ದೇವೆ. ಜನವರಿಯಲ್ಲಿ ಚೆನ್ನೈಯಲ್ಲಿ ಇಂಟರ್‌ವ್ಯೂ ಸಿಗಬಹುದು ಅಂತ ಉಂಟು. ಭಟ್ಕಳದಿಂದ ಅಷ್ಟು ದೂರ ಒಬ್ಬರೇ ಹೋಗಬೇಕು.

ಧಾರವಾಡದಂವ, ನವೆಂಬರ್ 29

ತಾರೀಖು ಗೊತ್ತಾದ ಕೂಡ್ಲೆ ತಿಳಸ್ರಿ ಅಣ್ಣಾ. ನನ್ನ ತಮ್ಮ ಚೆನ್ನೈದಾಗ ಇದ್ದಾನ. ಸ್ಟೇಷನ್‌ಗೆ ಬಂದು ಕರ್ಕೊಂಡು ಹೋಗ್ತಾನ, ಕಾನ್ಸುಲೇಟ್ ಹೊರಗ ಅವರು ಬರೂತನಾ ನಿಂತಿರ್ತಾನ. ಅವನ ನಂಬರ್ ನಿಮಗ ಖಾಸಗಿ ಕಳಸೀನಿ.